ಬೆಂಚು ಬಿಟ್ಟುಕೊಡುವವರು

ಬೇಲೂರಿನ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಮುಂದೆ, ಟೈಲ್ಸ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಆ ಜಿಮ್ ಇತ್ತು. ನಾನು ಅಲ್ಲಿಗೆ ಸೇರಿದ್ದು ಮೈ ಇಳಿಸುವ ಆಸೆಯಿಂದಲ್ಲ. ಮದುವೆ ಮುರಿದು, ಕೋರ್ಟಿನ ಓಡಾಟವೆಲ್ಲ ಮುಗಿದು, ಅರಸೀಕೆರೆಯ ಅಮ್ಮನ ಮನೆಯಲ್ಲಿ ಕೆಲವು ತಿಂಗಳಿದ್ದು, ಆಮೇಲೆ ಬೇಲೂರಿನ ಹೈಸ್ಕೂಲೊಂದಕ್ಕೆ ಗಣಿತ ಹೇಳಿಕೊಡಲು ಬಂದಿದ್ದೆ. ಶಾಲೆ ಬಿಟ್ಟ ಮೇಲೆ ಬಾಡಿಗೆ ಮನೆಯ ಬೀಗ ತೆಗೆಯಲು ಮನಸ್ಸೇ ಬರುತ್ತಿರಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದಾಗ ಡಾಕ್ಟರು, "ಶುಗರ್ ಬಾಗಿಲಿಗೆ ಬಂದು ನಿಂತಿದೆ ಮೇಡಂ, ಒಳಗೆ ಕರ್ಕೋಬೇಡಿ" ಎಂದರು. ಸಂಜೆ ಹೊತ್ತು ಕಳೆಯಲು ಒಂದು ನೆಪ ಸಿಕ್ಕಿತಲ್ಲ ಎಂದು ಮಾರನೆಯ ದಿನವೇ ಹೋಗಿ ಸೇರಿಕೊಂಡೆ.

ಮೇಷ್ಟರ ಕಣ್ಣು ಸುಮ್ಮನಿರುವುದಿಲ್ಲ. ಪರೀಕ್ಷಾ ಕೊಠಡಿಯಲ್ಲಿ ಯಾವ ಹುಡುಗ ಪೆನ್ನಿನ ತುದಿ ಕಚ್ಚುತ್ತಾನೆ, ಯಾವ ಹುಡುಗಿ ಉತ್ತರ ಗೊತ್ತಿದ್ದೂ ಅಳಿಸಿ ಬರೆಯುತ್ತಾಳೆ ಎಂದು ನೋಡಿ ನೋಡಿ ಅಭ್ಯಾಸವಾದವಳು ನಾನು. ಜಿಮ್ಮಿನಲ್ಲೂ ಅದೇ ಕೆಲಸ ಮಾಡತೊಡಗಿದೆ. ಒಬ್ಬ ಕಾಂಟ್ರಾಕ್ಟರ್ ಬರುತ್ತಿದ್ದ. ಡಂಬೆಲ್ ಎತ್ತಿ ಮುಗಿದೊಡನೆ ನೆಲಕ್ಕೆ ದಡಾರನೆ ಬಿಡುತ್ತಿದ್ದ, ಎಲ್ಲರೂ ತಿರುಗಿ ನೋಡಿದರೆ ಅವನಿಗೆ ಸಮಾಧಾನ. ಬಿಟ್ಟದ್ದನ್ನು ಜಾಗಕ್ಕೆ ಇಡುವುದು ತನ್ನ ಕೆಲಸ ಎಂದು ಅವನಿಗೆ ಅನಿಸಿದ್ದೇ ಇಲ್ಲ. ಅವನನ್ನು ನೋಡಿದಾಗ ನನಗೆ ನನ್ನ ಮಾಜಿ ಗಂಡ ನೆನಪಾಗುತ್ತಿದ್ದ. ಅವನೂ ಬೆವರಿದ ಟವೆಲ್ಲನ್ನು ನನ್ನ ದಿಂಬಿನ ಮೇಲೆ ಎಸೆದು ಸ್ನಾನಕ್ಕೆ ಹೋಗುವವನು. ನಿವೃತ್ತ ಪೊಲೀಸರೊಬ್ಬರಿದ್ದರು, ಎಣಿಕೆಯನ್ನು ಎಲ್ಲರಿಗೂ ಕೇಳುವಂತೆ ಹೇಳುವರು, ಆದರೆ ನಡುವೆ ಎರಡು ಮೂರು ಸಂಖ್ಯೆ ಹಾರಿಸಿಬಿಡುವರು. ಸೀರೆ ಅಂಗಡಿಯ ಯಜಮಾನಿಯೊಬ್ಬರು ಟ್ರೆಡ್‌ಮಿಲ್ಲನ್ನು ಆಮೆಯ ವೇಗಕ್ಕಿಟ್ಟು ಫೋನಿನಲ್ಲಿ ಸೊಸೆಯ ಅಡುಗೆಯ ಬಗ್ಗೆ ಮಾತಾಡುತ್ತ ನಡೆಯುತ್ತಿದ್ದರು. ಇವರಿಗೆ ಮನೆಯಲ್ಲಿ ಕೇಳುವ ಕಿವಿಗಳಿಲ್ಲ, ಅದಕ್ಕೇ ಇಲ್ಲಿಗೆ ಬರುತ್ತಾರೆ ಎಂದು ನಾನು ಷರಾ ಬರೆದುಕೊಂಡೆ. ನನ್ನ ಬಗ್ಗೆಯೂ ಯಾರಾದರೂ ಬರೆದುಕೊಂಡಿದ್ದರೆ, ಕನ್ನಡಿಗೆ ಬೆನ್ನು ಹಾಕಿ ಮೂಲೆಯ ಯಂತ್ರವನ್ನೇ ಹುಡುಕುವ ಹೆಂಗಸು ಎಂದು ಬರೆದಿರುತ್ತಿದ್ದರು.

ಆತನನ್ನು ನಾನು ಗಮನಿಸಿದ್ದು ತಡವಾಗಿ. ಗಮನಕ್ಕೆ ಬೀಳುವಂಥದ್ದೇನೂ ಆತ ಮಾಡುತ್ತಿರಲಿಲ್ಲ. ಹಗರೆಯ ಕಡೆಯವರು. ಊರಲ್ಲಿ ಅಣ್ಣನ ಜೊತೆ ಜಮೀನು, ನಾಲ್ಕಾರು ಹಸು. ಬೇಲೂರಿನಲ್ಲಿ ಪಂಪ್‌ಸೆಟ್ ಮಾರುವ ಅಂಗಡಿಯಲ್ಲಿ ಕೆಲಸ. ಕೆಲಸ ಮುಗಿಸಿ, ಊರಿಗೆ ಬಸ್ಸು ಹತ್ತುವ ಮೊದಲು ಜಿಮ್ಮಿಗೆ ಬರುತ್ತಿದ್ದರು. ಬಳಸಿದ ಬೆಂಚನ್ನು ಒರೆಸುತ್ತಿದ್ದರು, ಕಾಂಟ್ರಾಕ್ಟರ್ ಬಿಟ್ಟುಹೋದ ಡಂಬೆಲ್ಲುಗಳನ್ನೂ ಎತ್ತಿ ಸ್ಟ್ಯಾಂಡಿಗೆ ಜೋಡಿಸುತ್ತಿದ್ದರು. ಯಾರಾದರೂ ಹೊಸಬರು ಭಾರದ ಕಂಬಿ ಎತ್ತಲು ಮಲಗಿದರೆ ಕೇಳದೆಯೇ ತಲೆಯ ಹತ್ತಿರ ಹೋಗಿ ನಿಲ್ಲುತ್ತಿದ್ದರು, ಕೈ ತಾಗಿಸದೆ, ಬಿದ್ದರೆ ಹಿಡಿಯುವಷ್ಟು ಹತ್ತಿರ.

ಅಲ್ಲಿ ಒಂದು ಯಂತ್ರವಿತ್ತು. ಮೇಲೆ ತೂಗುವ ಕಂಬಿಯನ್ನು ಹಿಡಿದು ಕುಳಿತು ಎದೆಯ ಮಟ್ಟಕ್ಕೆ ಎಳೆಯಬೇಕು. ನಾನು ಕುಳ್ಳಿ. ಕಂಬಿ ಹಿಡಿಯಲು ದಿನವೂ ಬೆಂಚಿನ ಮೇಲೆ ಹತ್ತಿ ಚಂಗನೆ ನೆಗೆಯಬೇಕಿತ್ತು. ನೆಗೆಯುವ ಮೊದಲು ಯಾರೂ ನೋಡುತ್ತಿಲ್ಲ ತಾನೇ ಎಂದು ಸುತ್ತ ನೋಡುತ್ತಿದ್ದೆ. ಒಂದು ಸಂಜೆ ಹೋದರೆ ಕಂಬಿ ನನ್ನ ಕೈಗೆ ಎಟಕುವಷ್ಟು ಕೆಳಗೆ ಇಳಿದಿತ್ತು. ಯಾರೋ ಕೊಂಡಿಗೆ ಒಂದು ತುಂಡು ಸರಪಳಿ ಸೇರಿಸಿದ್ದರು. ಮಾರನೆಯ ದಿನವೂ ಹಾಗೇ. ಟ್ರೈನರ್ ಹುಡುಗನನ್ನು ಕೇಳಿದೆ. ಅವನು, "ನಾನಲ್ಲ ಮೇಡಂ, ಆ ಅಣ್ಣ" ಎಂದು ಬೆರಳು ತೋರಿಸಿದ. ಬೆರಳು ತೋರಿಸಿದ್ದು ಕಂಡು ಆತ ಕಿವಿಯವರೆಗೆ ಕೆಂಪಾದರು.

"ತೆಪ್ಪು ತಿಳ್ಕಬ್ಯಾಡಿ ಮೇಡಂ. ಎಗರಿ ಎಗರಿ ಭುಜ ಉಳುಕ್ಸ್ಕಂಡೀರಿ ಅಂತ ಹಾಕ್ದೆ. ನೀವು ಹೋದ್ಮೇಲೆ ನಾನೇ ಬಿಚ್ಚಿ ಎತ್ತಿಡ್ತೀನಿ."

"ಅಂದ್ರೆ ನಾನು ಎಗರೋದನ್ನ ನೋಡಿದೀರಿ."

"ನಗ್ಲಿಲ್ಲ ಮೇಡಂ, ದೇವ್ರಾಣೆ."

ನಾನು ನಕ್ಕೆ. ಬೇಲೂರಿಗೆ ಬಂದ ಮೇಲೆ ಹಾಗೆ ಬಾಯ್ತುಂಬ ನಕ್ಕದ್ದು ಅದೇ ಮೊದಲಿರಬೇಕು.

ಆಮೇಲೆ ಜಿಮ್ ಮುಗಿಸಿ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಟೀ ಕುಡಿಯುವುದು ರೂಢಿಯಾಯಿತು. ಆತನ ಹೆಂಡತಿ ಜಾಂಡೀಸ್‌ನಲ್ಲಿ ಹೋಗಿ ಎರಡು ವರ್ಷವಾಗಿತ್ತು. ಎರಡನೇ ಕ್ಲಾಸಿನ ಮಗಳೊಬ್ಬಳಿದ್ದಳು. ಹೆಂಡತಿ ಹೋದ ಹೊಸತರಲ್ಲಿ ಮನೆಗೆ ಬಂದವರೆಲ್ಲ ತನ್ನನ್ನು ನೋಡಿ ಅಳುತ್ತಿದ್ದರಂತೆ. "ಅವ್ರನ್ನ ಸಮಾಧಾನ ಮಾಡಾದೇ ನನ್ಗೊಂದು ಕೆಲ್ಸ ಆಗೋಯ್ತು" ಎಂದು ಒಮ್ಮೆ ಹೇಳಿದರು. ಯಾರೂ ಅಳದ ಒಂದು ಜಾಗ ಬೇಕು ಎಂದು ಜಿಮ್ಮಿಗೆ ಸೇರಿದ್ದರು. ನಾನು ಸೇರಿದ್ದೂ ಹೆಚ್ಚು ಕಡಿಮೆ ಅದಕ್ಕೇ ಅಲ್ಲವೇ ಎನಿಸಿತು. ನನ್ನ ಕತೆಯನ್ನೂ ಹೇಳಿದೆ. ಕೇಳಿ ಒಂದೂ ಪ್ರಶ್ನೆ ಹಾಕಲಿಲ್ಲ, "ಇನ್ನೊಂದರ್ಧ ಟೀ ಹೇಳ್ಲಾ?" ಎಂದಷ್ಟೇ ಕೇಳಿದರು. ಆ ಅರ್ಧ ಟೀಗೆ ನಾನು ಸೋತೆ.

ಒಂದು ಭಾನುವಾರ ಮಗಳನ್ನು ಕರೆದುಕೊಂಡು ಹಳೇಬೀಡಿಗೆ ಬಂದರು, ನಾನೂ ಹೋದೆ. ದೊಡ್ಡ ದೇವಸ್ಥಾನದ ಜನಜಂಗುಳಿ ಮಗುವಿಗೆ ಬೇಸರವಾಗಿ, ಪಕ್ಕದ ಬಸ್ತಿಹಳ್ಳಿಗೆ ನಡೆದೆವು. ಅಲ್ಲಿನ ಬಸದಿಯ ಒಳಗೆ ನುಣುಪಾದ ಕಪ್ಪು ಕಂಬಗಳಿವೆ, ಮುಂದೆ ನಿಂತರೆ ಮುಖ ಒಂದು ಕಡೆ ಉದ್ದ, ಒಂದು ಕಡೆ ಡೊಂಕಾಗಿ ಕಾಣುತ್ತದೆ. ಮಗು ಕಂಬದಿಂದ ಕಂಬಕ್ಕೆ ಓಡಿ ನಾಲಗೆ ಚಾಚಿ ನೋಡಿತು. ಆಮೇಲೆ ನನ್ನ ಕೈ ಹಿಡಿದು ಎಳೆದು ಒಂದು ಕಂಬದ ಮುಂದೆ ನಿಲ್ಲಿಸಿ, ಅಪ್ಪನನ್ನೂ ಕರೆದು ಆ ಕಡೆ ನಿಲ್ಲಿಸಿ, ನಡುವೆ ತಾನು ನಿಂತಿತು. "ಮೂರ್ ಜನಾನೂ ಕಾಣ್ತೀವಿ" ಎಂದಿತು. ಆತ ಬೇರೆ ಕಡೆ ನೋಡಿದರು.

ವಾಪಸು ಬರುವಾಗ ಬಸ್ಸಿನಲ್ಲಿ, ಮಗು ನನ್ನ ತೊಡೆಯ ಮೇಲೆ ನಿದ್ದೆ ಹೋಗಿರುವಾಗ, ಆತನೇ ಕೇಳಿದರು. "ನಿಮ್ಗೆ ಬ್ಯಾಡ ಅನ್ಸಿದ್ರೆ ಬ್ಯಾಡ ಅನ್ನಿ. ಇವ್ಳಿಗೂ ನಿಮ್ಮನ್ ಕಂಡ್ರೆ ಆಗ್ತದೆ. ನನ್ಗೂ..." ಎಂದು ನಿಲ್ಲಿಸಿದರು. ನಾನು ಬೇಡ ಅನ್ನಲಿಲ್ಲ. ಮನೆಯಲ್ಲಿ ಅಣ್ಣನಿಗೆ ತಿಳಿಸುತ್ತೇನೆ, ಸ್ವಲ್ಪ ಸಮಯ ಕೊಡಿ ಎಂದರು.

ನಾನು ಅಮ್ಮನಿಗೆ ಹೇಳಿದೆ. ಅಮ್ಮ ಮನುಷ್ಯನನ್ನು ನೋಡದೆ ಏನನ್ನೂ ಹೇಳುವವಳಲ್ಲ. "ಮಾಲೇಕಲ್ಲಿಗೆ ಒಂದು ಹರಕೆ ಐತೆ, ಅವ್ರನ್ನೂ ಬರೋಕ್ ಹೇಳು" ಎಂದಳು. ಅರಸೀಕೆರೆಯಿಂದ ಹೋಗಿ ಬೆಟ್ಟದ ಬುಡದಲ್ಲಿ ಎಲ್ಲರೂ ಸೇರಿದೆವು. ಅಮ್ಮನಿಗೆ ಮಂಡಿ ನೋವು, ಆದರೂ ಸೆರಗು ಸಿಕ್ಕಿಸಿಕೊಂಡು ಹತ್ತತೊಡಗಿದಳು. ಆತ ಮೊದಲು ಅಮ್ಮನ ಚೀಲ ಇಸಿದುಕೊಂಡರು. ಸ್ವಲ್ಪ ಮೇಲೆ ಹೋದ ಮೇಲೆ ಯಾರೋ ಅಜ್ಜಿ ಏದುಸಿರು ಬಿಡುತ್ತ ಕುಳಿತಿದ್ದರು, ಅವರ ಕಾಯಿ ಬುಟ್ಟಿಯನ್ನೂ ಹೆಗಲಿಗೇರಿಸಿಕೊಂಡರು. ಇನ್ನೂ ಮೇಲೆ, ಹೆಂಗಸೊಬ್ಬರು ಕೂಸನ್ನು ಹೊತ್ತು ಸುಸ್ತಾಗಿದ್ದರು, ಆ ಕೂಸನ್ನೂ ಎತ್ತಿಕೊಂಡರು. ಹತ್ತುವವರೆಲ್ಲ "ಪುಣ್ಯಾತ್ಮ" ಎಂದರು. ನನ್ನ ಎದೆ ಉಬ್ಬಿತು.

ಅಷ್ಟರಲ್ಲಿ ಹಿಂದಿನಿಂದ ಅಳು ಕೇಳಿಸಿತು. ಅವರ ಮಗಳು ಬಿಸಿಲಿಗೆ ಕಾದ ಮೆಟ್ಟಿಲ ಮೇಲೆ ಒಂದು ಕಾಲು ಎತ್ತಿ ಇನ್ನೊಂದು ಇಡುತ್ತ, "ಅಪ್ಪಾ, ನನ್ನೂ ಎತ್ಕೋ" ಎಂದು ಅಳುತ್ತಿದ್ದಳು. ಆತ ತಿರುಗಿ ನೋಡಿದರು. ಕೈಯಲ್ಲಿ ಪರರ ಕೂಸು, ಹೆಗಲಲ್ಲಿ ಪರರ ಬುಟ್ಟಿ. "ಬಾ ಮಗಾ, ಇನ್ನೇನ್ ಬಂದೇ ಬುಡ್ತು" ಎಂದರು. ನಾನು ಇಳಿದು ಹೋಗಿ ಮಗುವನ್ನು ಎತ್ತಿಕೊಂಡೆ.

ಇಳಿದ ಮೇಲೆ ಆತ ಮಗಳಿಗೆ ಎಳನೀರು ಕುಡಿಸುತ್ತಿದ್ದಾಗ ಅಮ್ಮ ನನ್ನನ್ನು ಪಕ್ಕಕ್ಕೆ ಕರೆದಳು.

"ಒಳ್ಳೇ ಮನ್ಸ ಕಣೇ. ಇಂತೋರು ಸಿಗಾದು ಕಷ್ಟ."

"ಮತ್ಯಾಕೆ ಮುಖ ಹಂಗ್ ಮಾಡ್ಕೊಂಡಿದೀಯ?"

"ಯಾರೇನ್ ಕೊಟ್ರೂ ಹೊರ್ತಾನಲ್ಲೇ. ತನ್ದನ್ನ ಎತ್ಕಳಾಕೆ ಕೈಯೇ ಇರಾಕಿಲ್ಲ ಅವ್ನಿಗೆ."

ನನಗೆ ಸಿಟ್ಟು ಬಂತು. ಒಳ್ಳೆಯತನದಲ್ಲೂ ಹುಳುಕು ಹುಡುಕುತ್ತಾಳಲ್ಲ ಎಂದುಕೊಂಡೆ. ದಾರಿಯುದ್ದಕ್ಕೂ ಅವಳ ಜೊತೆ ಮಾತಾಡಲಿಲ್ಲ.

ಆದರೆ ಆಮೇಲೆ ಜಿಮ್ಮಿನಲ್ಲಿ ನನಗೆ ಬೇರೆಯದೇ ಕಾಣತೊಡಗಿತು. ಆತ ಬೆಂಚಿನ ಮೇಲೆ ಕುಳಿತು ಅರ್ಧ ಸೆಟ್ಟು ಮುಗಿಸಿರುತ್ತಿದ್ದರು, ಕಾಂಟ್ರಾಕ್ಟರ್ ಬಂದು ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಿದ್ದ. "ಏನ್ಲಾ, ಆಯ್ತೇನ್ಲಾ?" ಎನ್ನುತ್ತಿದ್ದ. ಇವರು ತಕ್ಷಣ ಎದ್ದು, "ಆಯ್ತು ಬನ್ನಿ" ಎಂದು ಟವೆಲ್ಲಿನಿಂದ ಬೆಂಚು ಒರೆಸಿಯೂ ಕೊಡುತ್ತಿದ್ದರು. ಅವನು ಎದ್ದ ಮೇಲೆ ಮತ್ತೆ ಕುಳಿತರೆ ಪೊಲೀಸರು ಬರುವರು, ಆಮೇಲೆ ಕಾಲೇಜು ಹುಡುಗರು. ಬಸ್ಸಿನ ಹೊತ್ತಾಗುವಾಗ ಆತನ ವ್ಯಾಯಾಮ ಅರ್ಧವೂ ಆಗಿರುತ್ತಿರಲಿಲ್ಲ. ಮೊದಮೊದಲು ಅದನ್ನು ನೋಡಿ ಎಂಥ ಸೌಜನ್ಯ ಎಂದು ಕರಗಿದವಳು ನಾನೇ. ಈಗ ಯಾಕೋ ಒಳಗೊಳಗೇ ಹೆದರಿಕೆಯಾಗುತ್ತಿತ್ತು. ಒಮ್ಮೆ ತಡೆಯಲಾರದೆ ಕೇಳಿದೆ, "ಇನ್ನೂ ಆಗಿಲ್ಲ, ಸ್ವಲ್ಪ ಇರಿ ಅಂತ ಹೇಳೋಕಾಗಲ್ವಾ?" ಆತ ನಕ್ಕರು. "ಒಂದ್ ಬೆಂಚಿಗ್ಯಾಕೆ ಮೇಡಂ ಜಗ್ಳ?"

ಅಣ್ಣನಿಗೆ ಹೇಳಿದಿರಾ ಎಂದು ಕೇಳಿದಾಗಲೆಲ್ಲ ಒಂದೊಂದು ಉತ್ತರ. ರಾಗಿ ಕಟಾವು ನಡೀತಾ ಐತೆ. ಅತ್ತಿಗೆಗೆ ಹುಷಾರಿಲ್ಲ. ಹಸು ಕರು ಹಾಕೋದ್ರಲ್ಲಿ ಐತೆ. ಯಾವುದೂ ಸುಳ್ಳಲ್ಲ, ಆತನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

ಕೊನೆಗೆ ಒಂದು ಶನಿವಾರ, ಶಾಲೆ ಮಧ್ಯಾಹ್ನಕ್ಕೇ ಬಿಟ್ಟಿತ್ತು, ಅದೇ ಹೋಟೆಲಿಗೆ ಬರಲು ಹೇಳಿದರು. ಹೋದೆ. ಟೀ ಬಂತು. ಆತ ಲೋಟವನ್ನು ಮುಟ್ಟಲಿಲ್ಲ.

"ಮನೇಲಿ ಬ್ಯಾರೆ ತರ ತೀರ್ಮಾನ ಆಗೈತೆ ಮೇಡಂ."

"ಯಾರು ತೀರ್ಮಾನ ಮಾಡಿದ್ದು?"

"ಅಣ್ಣ ಇದ್ದ. ನಮ್ಮತ್ತೆ, ಮಾವ ಬಂದಿದ್ರು. ಅತ್ತೆ ಮಗೀನ ತೊಡೆ ಮ್ಯಾಲೆ ಕೂರ್ಸ್ಕಂಡು ಅತ್ರು. ಅವ್ರ ಚಿಕ್ಕ ಮಗ್ಳು ಮದ್ವೆಗವ್ಳೆ. ಮಗೀಗೆ ಹೊರಗ್ನೋರು ಬರೋ ಬದ್ಲು ಸ್ವಂತ ಚಿಕ್ಕಮ್ಮನೇ ಆದ್ರೆ ವಾಸಿ ಅಂದ್ರು."

"ನೀವು ನನ್ನ ವಿಷ್ಯ ಹೇಳಿದ್ರಾ?"

"ಹೇಳಾಣ ಅಂತ ಬಾಯ್ ತೆಗ್ದೆ. ಅಷ್ಟ್ರಲ್ಲಿ ಅತ್ತೆ ಅಳಾಕ್ ಸುರು ಮಾಡಿದ್ರು."

"ಆಮೇಲೆ? ನೀವೇನಂದ್ರಿ?"

ಆತ ಮೇಜಿನ ಮೇಲೆ ಬೆರಳಿನಿಂದ ಏನನ್ನೋ ಒರೆಸಿದರು. ಅಲ್ಲಿ ಏನೂ ಇರಲಿಲ್ಲ.

"ಆಯ್ತು ಅಂದೆ."

ಆ ಮಾತನ್ನು ಜಿಮ್ಮಿನಲ್ಲಿ ಎಷ್ಟು ಸಲ ಕೇಳಿದ್ದೆನೋ. ಅದೇ ದನಿ, ಅದೇ ಮೆದುತನ. ಕಾಂಟ್ರಾಕ್ಟರಿಗೆ ಬೆಂಚು ಬಿಟ್ಟುಕೊಟ್ಟ ಹಾಗೆಯೇ ನನ್ನನ್ನೂ ಬಿಟ್ಟುಕೊಟ್ಟಿದ್ದರು. ಕೂಗಾಡಬೇಕು ಎನಿಸಿತು. ಆದರೆ ಎದುರಿಗೆ ಕುಳಿತ ಮನುಷ್ಯನ ಮುಖ ನೋಡಿದರೆ ಕೂಗಲು ಬಾಯಿ ಬರಲಿಲ್ಲ. ಕಣ್ಣುಗಳು ಕೆಂಪಾಗಿ ಊದಿಕೊಂಡಿದ್ದವು.

"ನಿಮಗೇನು ಬೇಕಿತ್ತು?" ಎಂದು ಕೇಳಿದೆ.

"ನನ್ನನ್ನ ಹಂಗಂತ ಯಾರೂ ಕೇಳ್ಲಿಲ್ಲ."

"ನಾನು ಕೇಳ್ತಿದೀನಲ್ಲ. ಈಗ ಕೇಳ್ತಿದೀನಿ. ನಿಮಗೇನು ಬೇಕು?"

ಆತ ತಲೆಯೆತ್ತಿದರು. ಬಾಯಿ ತೆರೆದರು. ಹೇಳುತ್ತಾರೆ, ಈಗ ಹೇಳಿಯೇ ಬಿಡುತ್ತಾರೆ ಎಂದು ನಾನು ಮೇಜಿನ ಅಂಚು ಹಿಡಿದು ಕುಳಿತೆ. ಒಂದು ಮಾತು ಹೇಳಿದ್ದರೆ ಸಾಕಿತ್ತು, ಆ ಅಣ್ಣ, ಆ ಅತ್ತೆ, ಇಡೀ ಹಗರೆಯ ಮುಂದೆ ಹೋಗಿ ನಾನೇ ನಿಲ್ಲುತ್ತಿದ್ದೆ. ಆಗಲೇ ಮೇಜಿನ ಪಕ್ಕಕ್ಕೆ ಒಂದು ಸಂಸಾರ ಬಂದು ನಿಂತಿತು. ದೇವಸ್ಥಾನ ನೋಡಲು ಬಂದವರಿರಬೇಕು, ಗಂಡ, ಹೆಂಡತಿ, ವಯಸ್ಸಾದ ತಾಯಿ. ಹೋಟೆಲ್ ತುಂಬಿತ್ತು. ಅವರು ಏನೂ ಕೇಳಲಿಲ್ಲ, ಸುಮ್ಮನೆ ನಮ್ಮ ಲೋಟಗಳ ಕಡೆ ನೋಡಿದರು.

ಆತ ಎದ್ದು ನಿಂತರು. "ಬನ್ನಿ, ಕೂತ್ಕಳಿ" ಎಂದರು.

ಎದ್ದ ಮೇಲೆ ತಾನೇನು ಮಾಡಿದೆ ಎಂದು ಆತನಿಗೇ ಗೊತ್ತಾಯಿತು. ನನ್ನನ್ನು ನೋಡಿದ ಆ ನೋಟವನ್ನು ನಾನು ಮರೆತಿಲ್ಲ. ಮುದುಕಿ ನನ್ನ ಪಕ್ಕದಲ್ಲೇ ಕುಳಿತು "ಬಿಸ್ಲು ಕಣವ್ವಾ" ಎಂದಿತು. ನಾನು ಹೌದು ಎಂದೆ. ಆತ ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದರು. ಹಗರೆಯ ಕಡೆಯ ಬಸ್ಸು ಬಂತು.

ಆಮೇಲೆ ಆತ ಜಿಮ್ಮಿಗೆ ಬರಲಿಲ್ಲ. ನನಗೆ ಮುಜುಗರವಾಗಬಾರದೆಂದು ಅದನ್ನೂ ಬಿಟ್ಟುಕೊಟ್ಟರು. ಬಂದಿದ್ದರೆ, ಒಂದು ದಿನವಾದರೂ ಎದುರು ನಿಂತು "ನನಗೆ ಈ ಜಾಗ ಬೇಕು" ಎಂದಿದ್ದರೆ ನನ್ನ ಸಂಕಟ ಕಡಿಮೆಯಾಗುತ್ತಿತ್ತೋ ಏನೋ. ಮೋಸ ಮಾಡಿದವನನ್ನು ದ್ವೇಷಿಸಬಹುದು. ಮೊದಲ ಮದುವೆ ಮುರಿದಾಗ ನನಗೆ ದ್ವೇಷ ಬಹಳ ಸಹಾಯಕ್ಕೆ ಬಂದಿತ್ತು, ಬೆಳಿಗ್ಗೆ ಎಬ್ಬಿಸುತ್ತಿತ್ತು, ಅನ್ನ ಉಣ್ಣಿಸುತ್ತಿತ್ತು. ಈ ಸಲ ಅದೂ ಕೈಗೆ ಸಿಗಲಿಲ್ಲ. ಒಳ್ಳೆಯವನ ಮೇಲೆ ಏನೆಂದು ಹಲ್ಲು ಕಡಿಯುವುದು?

ನಾನು ಜಿಮ್ಮಿಗೆ ಹೋಗುವುದನ್ನು ಬಿಡಲಿಲ್ಲ. ಟ್ರೆಡ್‌ಮಿಲ್ ಮೇಲೆ ಓಡುತ್ತ ಅತ್ತರೆ ಯಾರಿಗೂ ತಿಳಿಯುವುದಿಲ್ಲ, ಬೆವರು ಯಾವುದು ಕಣ್ಣೀರು ಯಾವುದು ಎಂದು ಹೇಳಲಾಗುವುದಿಲ್ಲ. ಹಾಗೆಂದು ನಾನು ತಿಳಿದಿದ್ದೆ. ಒಂದು ಸಂಜೆ ಪಕ್ಕದ ಯಂತ್ರದಲ್ಲಿ ಸೀರೆ ಅಂಗಡಿಯ ಯಜಮಾನಿ ಎಂದಿನಂತೆ ಫೋನಿನಲ್ಲಿ ಮಾತಾಡುತ್ತಿದ್ದರು. ಇದ್ದಕ್ಕಿದ್ದಂತೆ, "ಇಡ್ತೀನಿ, ಆಮೇಲ್ ಮಾಡ್ತೀನಿ" ಎಂದು ಫೋನ್ ಕಟ್ ಮಾಡಿದರು. ತಮ್ಮ ಯಂತ್ರ ನಿಲ್ಲಿಸಿ, ಕೈ ಚಾಚಿ ನನ್ನದನ್ನೂ ನಿಲ್ಲಿಸಿದರು. ನನ್ನ ಮೊಣಕೈ ಹಿಡಿದು ಹೆಂಗಸರು ಬಟ್ಟೆ ಬದಲಿಸುವ ಸಣ್ಣ ಕೋಣೆಗೆ ಕರೆದೊಯ್ದು, ಬಾಗಿಲು ಹಾಕಿ, ನೆಲದ ಮೇಲೆ ಪಕ್ಕದಲ್ಲಿ ಕುಳಿತರು. ಏನಾಯಿತೆಂದು ಕೇಳಲಿಲ್ಲ. ನಾನು ಬಿಕ್ಕಿ ಬಿಕ್ಕಿ ಅತ್ತು ಮುಗಿಯುವವರೆಗೆ ನನ್ನ ಬೆನ್ನ ಮೇಲೆ ಅವರ ಕೈ ಇತ್ತು. ಕೇಳುವ ಕಿವಿ ಹುಡುಕಿಕೊಂಡು ಬರುವವರು ಎಂದು ನಾನು ಷರಾ ಬರೆದಿದ್ದ ಹೆಂಗಸು ಅವತ್ತು ಒಂದು ಮಾತನ್ನೂ ಆಡಲಿಲ್ಲ.

ಆ ವರ್ಷದ ಕೊನೆಗೆ ಅಮ್ಮನ ಮಂಡಿಯ ಆಪರೇಷನ್ ಆಯಿತು. ಅರಸೀಕೆರೆಯ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು, ಹೊರಟು ಬಂದೆ. ಅಮ್ಮನಿಗೆ ನಾನು ಏನೂ ಹೇಳಿರಲಿಲ್ಲ, ಅವಳೂ ಕೇಳಲಿಲ್ಲ. ಒಂದು ದಿನ ಅವಳ ಕಾಲಿಗೆ ವ್ಯಾಯಾಮ ಮಾಡಿಸುತ್ತಿದ್ದಾಗ ಮಾತ್ರ, ನೋವಿಗೆ ಹಲ್ಲು ಕಚ್ಚಿಕೊಂಡು, "ನಾನ್ ಅವತ್ತು ಅಂಗನ್ಬಾರ್ದಿತ್ತು ಕಣೇ" ಎಂದಳು. ಅಂದಿದ್ದಕ್ಕೆ ಹೀಗಾಯಿತೋ ಎಂಬ ಭಯ ಅವಳಿಗೆ. ಇಲ್ಲಮ್ಮ ಎಂದೆ. ಅವಳ ಕಾಲನ್ನು ಮೆಲ್ಲಗೆ ಮತ್ತೊಮ್ಮೆ ಮಡಚಿಸಿದೆ.

ಕಳೆದ ಚಳಿಗಾಲದಲ್ಲಿ ಶಾಲೆಯ ಮಕ್ಕಳನ್ನು ಹಳೇಬೀಡಿಗೆ ಪ್ರವಾಸ ಕರೆದುಕೊಂಡು ಹೋಗಿದ್ದೆ. ದೇವಸ್ಥಾನದ ಹೊರಗೆ ಚಪ್ಪಲಿ ಬಿಡುವ ಕಡೆ ಮಕ್ಕಳನ್ನು ಸಾಲು ನಿಲ್ಲಿಸುತ್ತಿದ್ದೆ. ಯಾರೋ ಸೀರೆಯ ನೆರಿಗೆ ಜಗ್ಗಿದರು. ನನ್ನ ಮಕ್ಕಳಲ್ಲೇ ಯಾರೋ ಎಂದು ಬಗ್ಗಿ ನೋಡಿದರೆ, ಆತನ ಮಗಳು. ಎತ್ತರವಾಗಿದ್ದಳು, ಮುಂದಿನ ಎರಡು ಹಲ್ಲು ಹೊಸದಾಗಿ ಬಂದಿದ್ದವು.

"ಮಿಸ್, ನೀವ್ಯಾಕೆ ನಮ್ಮನೇಗೆ ಬರ್ಲೇ ಇಲ್ಲ?"

ಅವಳ ಹಿಂದೆ, ಅವಳ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಒಬ್ಬ ಚಿಕ್ಕ ಪ್ರಾಯದ ಹೆಂಗಸು ಬಂದಳು. ಕತ್ತಿನಲ್ಲಿ ಕರಿಮಣಿ, ಮುಖದಲ್ಲಿ ಇನ್ನೂ ಕಾಲೇಜು ಹುಡುಗಿಯ ಕಳೆ. "ಯಾರು ಪುಟ್ಟಿ ಇವ್ರು?" ಎಂದು ಕೇಳಿ, ನನ್ನ ಕಡೆ ತಿರುಗಿ, "ತಪ್ಪು ತಿಳ್ಕೋಬೇಡಿ ಮೇಡಂ, ಎಲ್ರನ್ನೂ ಮಾತಾಡಿಸ್ತಾಳೆ ಇವ್ಳು" ಎಂದು ನಕ್ಕಳು. ನಾನು ಟೀಚರ್ ಎಂದು ತಿಳಿದು ಅವಳ ಮುಖ ಅರಳಿತು. ತಾನೂ ಬಿ.ಎಡ್ ಸೇರಿದ್ದಳಂತೆ, ನಡುವೆ ಮದುವೆಯಾಯಿತು, ಬಿಡಬೇಕಾಯಿತು ಎಂದಳು. ದೂರು ಹೇಳುವ ದನಿಯಲ್ಲಲ್ಲ, ಮಳೆ ಬಂತು ಎನ್ನುವ ಹಾಗೆ. ಇವಳನ್ನೂ ಯಾರೂ ಕೇಳಿರಲಿಕ್ಕಿಲ್ಲ.

"ಮುಂದುವರಿಸಿ. ಬಿಡ್ಬೇಡಿ" ಎಂದೆ. ನನ್ನ ದನಿ ಅಗತ್ಯಕ್ಕಿಂತ ಗಟ್ಟಿಯಾಗಿತ್ತು, ಅವಳು ಸ್ವಲ್ಪ ಬೆರಗಾಗಿ ನೋಡಿದಳು. "ಮನೇಲಿ ಬಾಯ್ ಬಿಟ್ಟು ಕೇಳಿ. ಕೇಳಿದ್ರೆ ಅವ್ರು ಬೇಡ ಅನ್ನಲ್ಲ."

"ನಿಮ್ಗೆ ನಮ್ಮನೆಯವ್ರು ಗೊತ್ತಾ ಮಿಸ್?"

"ಬೇಲೂರಲ್ಲಿ ನೋಡಿದೀನಿ. ಬಹಳ ಒಳ್ಳೆಯವರು."

ಅವಳ ಕಣ್ಣಿನಲ್ಲಿ ಹೆಮ್ಮೆ ಹೊಳೆಯಿತು. ಮಗು ಇನ್ನೂ ನನ್ನನ್ನೇ ನೋಡುತ್ತಿತ್ತು. ಅದರ ಪ್ರಶ್ನೆಗೆ ನಾನು ಉತ್ತರ ಕೊಟ್ಟಿರಲಿಲ್ಲ. ಬಗ್ಗಿ, ಅದರ ಕೂದಲು ಸರಿಮಾಡಿ, "ನಂಗೆ ತುಂಬ ಬರಬೇಕು ಅಂತಿತ್ತು ಪುಟ್ಟಾ" ಎಂದೆ. ಅದು ಸ್ವಲ್ಪ ಯೋಚಿಸಿ, ತಲೆ ಆಡಿಸಿ, ಚಿಕ್ಕಮ್ಮನ ಕೈ ಹಿಡಿದುಕೊಂಡಿತು. ಇಬ್ಬರೂ ಹಗರೆಯ ಬಸ್ಸು ನಿಂತಿದ್ದ ಕಡೆ ಬೇಗ ಬೇಗ ನಡೆದರು. ನನ್ನ ಸಾಲಿನ ಮಕ್ಕಳು ಚದುರಿ ಗಲಾಟೆ ಮಾಡುತ್ತಿದ್ದರು. ಕಣ್ಣು ಒರೆಸಿಕೊಂಡು, ಮತ್ತೆ ಅವರನ್ನು ಇಬ್ಬಿಬ್ಬರಂತೆ ನಿಲ್ಲಿಸತೊಡಗಿದೆ.